ಎಡಗೈ ಸುತ್ತಿದ ಚಾಕಲೇಟು

ನಮ್ಮ ಕಾರ್ಖಾನೆಯಲ್ಲಿ ಪಾಳಿ ಮುಗಿದಾಗ ಮೊದಲು ತೆರೆಯಬೇಕಾದದ್ದು ಗೇಟಲ್ಲ, ಬಾಯಿ. ಹೆಂಗಸರೆಲ್ಲ ಸಾಲಾಗಿ ನಿಲ್ಲಬೇಕು. ಮೂಗಮ್ಮನ ಮುಂದೆ ಬಂದಾಗ ‘ಆ’ ಎನ್ನಬೇಕು. ಅವಳು ಮುಖ ಹತ್ತಿರ ತಂದು ಮೂಸುತ್ತಾಳೆ. ಚಾಕಲೇಟಿನ ವಾಸನೆ ಬಂತೋ, ಆ ಬಾಯಿಗೆ ಮರುದಿನದಿಂದ ಅನ್ನವಿಲ್ಲ. ದನ ಕೊಳ್ಳುವವನು ಹಲ್ಲು ಬಿಡಿಸಿ ನೋಡುತ್ತಾನೆ, ನಿಜ. ಆದರೆ ಅವನು ಕೊಳ್ಳುವ ದಿನ ಒಮ್ಮೆ ನೋಡಿ ಬಿಡುತ್ತಾನೆ. ನಮ್ಮನ್ನು ದಿನವೂ ನೋಡುತ್ತಿದ್ದರು.

ನಾವು ಸುತ್ತುತ್ತಿದ್ದುದು ಕಿತ್ತಳೆ ರಸ ತುಂಬಿದ ಚಾಕಲೇಟು. ತಾಮ್ರದ ಬಣ್ಣದ ಬೇಗಡೆ ಹಾಳೆಯ ಮೇಲೆ ಒಂದೊಂದನ್ನೇ ಇಟ್ಟು, ಮಡಚಿ, ಎರಡೂ ತುದಿಗೆ ಕಿವಿ ತಿರುವಬೇಕು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿರುತ್ತೇವೆ. ಸುತ್ತಿದ್ದನ್ನು ಬಿಡಿಬಿಡಿಯಾಗಿ ಪೆಟ್ಟಿಗೆಗೆ ಸುರಿದು ಬಂದರಿಗೆ ಕಳಿಸುತ್ತಾರೆ. ಅಲ್ಲಿಂದಾಚೆ ಅದು ಎಲ್ಲಿಗೆ ಹೋಗುತ್ತದೆ, ಯಾರ ಬಾಯಿಗೆ ಬೀಳುತ್ತದೆ ಎಂದು ಯಾರೂ ನಮಗೆ ಹೇಳಿರಲಿಲ್ಲ. ಮದುವೆ ಮಾಡಿ ಕಳಿಸಿದ ಮಗಳ ಬಗ್ಗೆಯಾದರೂ ಒಂದು ಸುದ್ದಿ ಬರುತ್ತದೆ.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ನನ್ನ ನಾದಿನಿ. ಇಡೀ ಕಾರ್ಖಾನೆಯಲ್ಲಿ ಎಡಗೈಯವಳು ಅವಳೊಬ್ಬಳೇ, ಹಾಗಾಗಿ ಎಲ್ಲರಿಗೂ ಎಡಚಿ. ನಾವು ತಿರುವಿದ ಕಿವಿ ಬಲಕ್ಕೆ ಸುತ್ತಿಕೊಂಡರೆ ಅವಳದು ಎಡಕ್ಕೆ. ಮೊದಮೊದಲು ಮೇಲ್ವಿಚಾರಕ ರೇಗುತ್ತಿದ್ದ. ಆಮೇಲೆ, ಅವಳ ಕೈ ಎಲ್ಲರಿಗಿಂತ ಚುರುಕು ಎಂದು ಕಂಡಾಗ, ಕಿವಿ ಯಾವ ಕಡೆ ತಿರುಗಿದರೇನು ಎಂದು ಸುಮ್ಮನಾದ. ನಮ್ಮಿಬ್ಬರನ್ನೂ ಈ ಕೆಲಸಕ್ಕೆ ಸೇರಿಸಿದವರು ನಮ್ಮತ್ತೆ, ಅಂದರೆ ಎಡಚಿಯ ಅಮ್ಮ. ಬೆರಳುಗಳು ಮಡಚಿದಲ್ಲೇ ಮರಗಟ್ಟುವ ತನಕ ಅವರೂ ಅದೇ ಮೇಜಿನಲ್ಲಿ ಅದೇ ಚಾಕಲೇಟು ಸುತ್ತಿದವರು. ನಮ್ಮ ಮನೆಯ ಮೂರು ಹೆಂಗಸರಲ್ಲಿ ಒಬ್ಬರಿಗೂ ಅದರ ರುಚಿ ಗೊತ್ತಿರಲಿಲ್ಲ.

ಆ ರುಚಿ ತೋರಿಸಿದ ಅಂಗಡಿ ಸಿಕ್ಕಿದ್ದು ಒಂದು ರಜೆಯ ದಿನ. ರಿಪೇರಿಗೆ ಕೊಟ್ಟಿದ್ದ ಅತ್ತೆಯ ಕನ್ನಡಕ ತರಲು ಹೋಗಿದ್ದೆವು. ಬರುವಾಗ ಹಾದಿ ಉಳಿಸಲು ಬಸ್ ಡಿಪೋ ಹಿಂದಿನ ಓಣಿಗೆ ನುಗ್ಗಿದೆವು. ರೈಲಿನ ಡಬ್ಬಿಯಂತೆ ಉದ್ದಕ್ಕೆ ಹೋಗಿದ್ದ, ಅಗಲವೇ ಇಲ್ಲದ ಅಂಗಡಿ. ಇಬ್ಬರು ಎದುರಾದರೆ ಒಬ್ಬರು ಹಿಂದಕ್ಕೆ ನಡೆಯಬೇಕು. ಸುತ್ತಲಿನವರು ಅದನ್ನು ಪರದೇಶಿ ಅಂಗಡಿ ಎನ್ನುತ್ತಿದ್ದರು. ಒಳಗಿದ್ದ ಸರಕೆಲ್ಲ ಸಮುದ್ರದಾಚೆಯದು. ಹಡಗಿನಲ್ಲಿ ಅಡುಗೆ ಮಾಡಿಕೊಂಡು ವಯಸ್ಸು ಕಳೆದ ಒಬ್ಬ ಮುದುಕ ಅದರ ಮಾಲೀಕ. ಪರಿಚಯದ ಹಡಗಿನ ಹುಡುಗರು ತಂದು ಕೊಟ್ಟದ್ದೇ ಅವನ ವ್ಯಾಪಾರ. ಅವನು ಬಿಸ್ಕತ್ತನ್ನು ಬಿಸ್ಕತ್ತಿನ ಜೊತೆ, ಎಣ್ಣೆಯನ್ನು ಎಣ್ಣೆಯ ಜೊತೆ ಇಟ್ಟಿರಲಿಲ್ಲ. ಹುಳಿಗೊಂದು ಕಪಾಟು, ಕಹಿಗೊಂದು, ಉಪ್ಪಿಗೊಂದು, ಸಿಹಿಗೊಂದು. ನಿಂಬೆ ಪೆಪ್ಪರಮಿಂಟಿನ ಮಗ್ಗುಲಲ್ಲಿ ವಿನೆಗರ್ ಶೀಸೆ ಸಂಬಂಧಿಕರಂತೆ ಕೂತಿತ್ತು.

“ಏನು ಬೇಕು?” ಎಂದ.

“ಸುಮ್ನೆ ನೋಡೋಕೆ ಬಂದ್ವಿ ತಾತ,” ಎಂದೆ.

“ನೋಡೋಕೆ ಇದೇನು ಸಿನಿಮಾನಾ? ನಾಲಿಗೆ ತಂದಿದ್ದೀರಾ?”

“ತಂದಿದ್ದೀವಿ,” ಎಂದಳು ಎಡಚಿ. “ಮನೇಲಿ ಬಿಟ್ಟು ಬಾ ಅಂತ ಅತ್ತಿಗೆ ದಿನಾ ಹೇಳ್ತಾಳೆ.”

ಮುದುಕ ಒಂದು ಜಾಡಿಯಿಂದ ಉಪ್ಪುನೀರಿನಲ್ಲಿ ನೆನೆದ ಕಪ್ಪು ಕಾಯಿ ತೆಗೆದು ಇಬ್ಬರ ಅಂಗೈಗೂ ಒಂದೊಂದು ಹಾಕಿದ. ಆಲಿವ್ ಅಂತೆ. ನಾನು ನುಂಗಿ, ಚೆನ್ನಾಗಿದೆ ಎಂದೆ.

“ಚೆನ್ನಾಗಿದೆ ಅನ್ನೋದು ರುಚಿ ಅಲ್ಲಮ್ಮ, ಮರ್ಯಾದೆ. ಮರ್ಯಾದೆ ಮಾಡೋರಿಗೆ ನಾನು ಏನೂ ಮಾರಲ್ಲ. ಬಾಯಲ್ಲಿ ಇಟ್ಟಾಗ ಏನು ನೆನಪಾಯ್ತು ಹೇಳು.”

ನನಗಿಂತ ಮೊದಲೇ ಎಡಚಿ ಬೀಜ ಚೀಪುತ್ತ, “ಅತ್ತು ಅತ್ತು ಸುಸ್ತಾದ ನೇರಳೆಹಣ್ಣು,” ಎಂದಳು.

ಅವನಿಗೆ ಖುಷಿಯಾಗಿಬಿಟ್ಟಿತು. ಅವನ ಅಂಗಡಿಯ ಕಾನೂನೇ ಅದು: ತಿನ್ನದೆ ಕೊಳ್ಳುವಂತಿಲ್ಲ, ತಿಂದು ಸುಳ್ಳು ಹೇಳುವಂತಿಲ್ಲ. ಕಹಿ ಕಪಾಟಿನಿಂದ ಕರಿಯ ರಬ್ಬರಿನಂಥ ಮಿಠಾಯಿ ಬಂತು. ಕೆಮ್ಮಿನ ಔಷಧಿ ಕುಡಿದ ಚಪ್ಪಲಿ ಎಂದಳು ಎಡಚಿ. ನೀಲಿ ಬೂಷ್ಟು ಹಿಡಿದ ಚೀಸಿನ ಚೂರು ಕೊಟ್ಟಾಗ ಮೂಸಿ ನೋಡಿ, “ಇದು ನಮ್ಮಣ್ಣನ ಬೂಟು,” ಎಂದು ದೂರ ಹಿಡಿದಳು.

“ನಿಮ್ಮಣ್ಣನ ಬೂಟಿಗೆ ಇಷ್ಟು ಬೆಲೆ ಬರುತ್ತೆ ಅಂತ ಗೊತ್ತಿದ್ರೆ ನಾನು ಯಾವತ್ತೋ ಮಾರಿಬಿಡ್ತಿದ್ದೆ,” ಎಂದೆ. ಮುದುಕ ಕಪಾಟು ಹಿಡಿದುಕೊಂಡು ನಕ್ಕ.

ಸಿಹಿ ಕಪಾಟಿನಿಂದ ಅವನು ಇಳಿಸಿದ್ದು ಒಂದು ತಗಡಿನ ಡಬ್ಬಿ. ಮುಚ್ಚಳದ ಮೇಲೆ ಹಿಮದ ಬೆಟ್ಟ, ಕೊರಳಿಗೆ ಗಂಟೆ ಕಟ್ಟಿದ ಹಸು. “ಇದು ದೊಡ್ಡವರ ಮನೆಯ ಮಾಲು, ಒಂದೊಂದೇ ಬಿಡಿಸಿ ಮಾರ್ತೀನಿ,” ಎನ್ನುತ್ತ ಮುಚ್ಚಳ ತೆಗೆದ. ಒಳಗೆ ತಾಮ್ರದ ಬಣ್ಣದ ಬೇಗಡೆ, ಎರಡೂ ಕಡೆ ಕಿವಿ.

ಎಡಚಿ ನನ್ನ ಮೊಣಕೈ ಹಿಡಿದುಕೊಂಡಳು. “ಅತ್ತಿಗೆ, ಇದು ನಮ್ದು.”

ಡಬ್ಬಿಯಲ್ಲಿ ಬೆರಳಾಡಿಸಿ ಒಂದನ್ನು ಮೇಲೆತ್ತಿ ಬೆಳಕಿಗೆ ಹಿಡಿದಳು. ಕಿವಿ ಎಡಕ್ಕೆ ತಿರುಗಿತ್ತು. “ನಮ್ದು ಅಲ್ಲ. ನಂದು.”

ಆ ಬೆಟ್ಟವನ್ನು ನಾವ್ಯಾರೂ ಕಂಡಿಲ್ಲ, ಆ ಹಸುವಿಗೆ ನಾವ್ಯಾರೂ ಮೇವು ಹಾಕಿಲ್ಲ. ನಮ್ಮ ಕೈಯಿಂದ ಬಿಡಿಬಿಡಿಯಾಗಿ ಹೋದದ್ದು ಅಲ್ಲೆಲ್ಲೋ ಡಬ್ಬಿಯ ಅಂಗಿ ತೊಟ್ಟು, ದೊಡ್ಡ ಮನೆತನದ ಹೆಸರು ಇಟ್ಟುಕೊಂಡು, ಅತಿಥಿಯಂತೆ ವಾಪಸ್ಸು ಬಂದು ನಮ್ಮ ಮುಂದೆಯೇ ಕಾಲ ಮೇಲೆ ಕಾಲು ಹಾಕಿ ಕೂತಿತ್ತು. ಮಾಡಿದ ಕೈಗೆ ಬಾಯಿಲ್ಲ, ತಿನ್ನುವ ಬಾಯಿಗೆ ಕೈಯಿಲ್ಲ. ಲೋಕ ನಡೆಯುವುದು ಹೀಗೇ ಎಂದು ಹೇಳುವವರಿಗೆ ಒಮ್ಮೆ ಆ ಡಬ್ಬಿ ತೋರಿಸಬೇಕು.

ಕಾನೂನಿನಂತೆ ಮುದುಕ ಒಂದನ್ನು ಬಿಚ್ಚಿ ಎರಡು ತುಂಡು ಮಾಡಿ ಕೊಟ್ಟ. ಇಷ್ಟು ವರ್ಷ ಅದು ಬರೀ ಸಿಹಿ ಎಂದುಕೊಂಡಿದ್ದೆವು. ತೆಳ್ಳನೆಯ ಚಿಪ್ಪು ಒಡೆದಾಗ ಒಳಗಿನಿಂದ ಹುಳಿ ಬಂತು, ಹುಳಿಯ ಹಿಂದೆಯೇ ಸಿಪ್ಪೆಯ ಸಣ್ಣ ಕಹಿ. ನಾಲಿಗೆ ಜುಮ್ಮೆಂದಿತು.

“ಏನು ನೆನಪಾಯ್ತು?”

ಎಡಚಿ ಈ ಸಲ ತಮಾಷೆ ಮಾಡಲಿಲ್ಲ. “ಗಂಟೆ, ತಾತ. ಪಾಳಿ ಮುಗಿಯೋ ಗಂಟೆ.” ಆಮೇಲೆ ಡಬ್ಬಿಯತ್ತ ಬೆರಳು ಮಾಡಿ, “ಇಂಥದ್ದೇ ಇನ್ನೊಂದು ಕೊಡಿ. ಎಡಗಿವಿದು. ಅಮ್ಮಂಗೆ,” ಎಂದಳು.

ಮನೆಯಲ್ಲಿ ಅತ್ತೆ ಕನ್ನಡಕ ಏರಿಸಿ ಚಾಕಲೇಟನ್ನು ಅಂಗೈಯಲ್ಲಿ ಉರುಳಿಸಿ ನೋಡಿದರು. ಎಡಕ್ಕೆ ತಿರುಗಿದ ಕಿವಿಯನ್ನು ಮುಟ್ಟಿ, “ಅಯ್ಯೋ ಕೋತಿ, ನೀನು ಸುತ್ತಿದ್ದಾ,” ಎಂದು ನಕ್ಕರು. ಆದರೆ ತಿನ್ನಲಿಲ್ಲ. ಸಂಜೆಯಾಯಿತು, ಊಟವಾಯಿತು, ಬಿಚ್ಚಲೇ ಇಲ್ಲ.

“ಯಾಕಮ್ಮ, ಹಾಳಾಗುತ್ತೆ, ತಿನ್ನು.”

“ತಿಂತೀನಿ ಇರು. ಬಾಯಿಗೆ ಹಾಕ್ಕೊಂಡ್ರೆ ಯಾರಾದ್ರೂ ಬಂದು ಮೂಸ್ತಾರೇನೋ ಅನ್ಸುತ್ತೆ ಕಣೇ.”

ತಮ್ಮ ಮನೆ, ತಮ್ಮ ಮಂಚ, ಮಗಳು ಕೊಂಡು ತಂದ ತಿಂಡಿ. ಆದರೂ ಆ ಹೆಂಗಸಿನ ಬಾಯಿ ಇನ್ನೂ ಗೇಟಿನ ಸಾಲಿನಲ್ಲೇ ನಿಂತಿತ್ತು.

ಮರುದಿನ ಮಧ್ಯಾಹ್ನ ಊಟದ ಚಪ್ಪರದಲ್ಲಿ ನಾನು ಕೈ ತೊಳೆದು ಬರುವಷ್ಟರಲ್ಲಿ ಎಡಚಿ ಏನನ್ನೋ ಚಪ್ಪರಿಸುತ್ತಿದ್ದಳು. ಅತ್ತೆ ತಮಗಿಂತ ಮಗಳು ತಿಂದರೆ ಚೆಂದ ಎಂದು ಅದನ್ನು ಅವಳ ಊಟದ ಡಬ್ಬಿಯಲ್ಲಿ ಇಟ್ಟುಬಿಟ್ಟಿದ್ದರು. ಬುತ್ತಿಯ ಕೆಳಗೆ, ಹಬೆ ತಾಗದ ಹಾಗೆ, ಬಟ್ಟೆಯಲ್ಲಿ ಸುತ್ತಿ. ಆ ಚಾಕಲೇಟನ್ನು ಆ ಗೇಟಿನೊಳಕ್ಕೆ ಕಳಿಸುವ ತಪ್ಪನ್ನು ಲೋಕದಲ್ಲಿ ಬೇರೆ ಯಾರೂ ಮಾಡುತ್ತಿರಲಿಲ್ಲ. ಜೀವಮಾನವಿಡೀ ಆ ಗೇಟಿಗೆ ಹೆದರಿದ ತಾಯಿ ಪ್ರೀತಿ ಉಕ್ಕಿದ ಒಂದು ಬೆಳಿಗ್ಗೆ ಗೇಟನ್ನೇ ಮರೆತಿದ್ದರು.

“ಹುಚ್ಚೀ, ಸಂಜೆ ಮೂಗಮ್ಮನ ಮುಂದೆ ಬಾಯಿ ತೆರೀಬೇಕಲ್ಲೇ.”

“ಕೊಂಡಿದ್ದು ತಾನೆ ಅತ್ತಿಗೆ. ಕದ್ದಿದ್ದಲ್ಲವಲ್ಲ.”

ಉಪ್ಪುನೀರಿನಲ್ಲಿ ಮುಕ್ಕಳಿಸಿದಳು. ಪಕ್ಕದವಳ ಡಬ್ಬಿಯಿಂದ ಹಸಿ ಈರುಳ್ಳಿ ಇಸಿದುಕೊಂಡು ಅಗಿದಳು. ಕಿತ್ತಳೆಯ ಎಣ್ಣೆ ಹಾಗೆಲ್ಲ ಹೋಗುವ ಜಾತಿಯಲ್ಲ. ಸಂಜೆ ಮೂಗಮ್ಮ ಒಮ್ಮೆ ಮೂಸಿದಳು, ಮತ್ತೊಮ್ಮೆ ಮೂಸಿದಳು. “ಯಾಕೆ ತಿಂದ್ಯೇ?” ಎಂದು ತೀರ ಸಣ್ಣ ದನಿಯಲ್ಲಿ ಕೇಳಿ, ಗೇಟಿನವನಿಗೆ ಸನ್ನೆಯಾಗಿ ಕೈ ಎತ್ತಿದಳು. ಗೇಟಿನವನು ಊಟದ ಡಬ್ಬಿ ಬಿಚ್ಚಿದ. ಬೇಗಡೆ ಸಿಕ್ಕಿತು. ತನ್ನದೇ ಕೈಯ ಗುರುತೆಂದು ಎಡಚಿ ಅದನ್ನು ಎಸೆಯದೆ ಕಿವಿಯ ಸಮೇತ ಮಡಚಿಟ್ಟಿದ್ದಳು.

ಮ್ಯಾನೇಜರು ಅದರ ಕಿವಿ ನೋಡಿದರು. “ಈ ಕಾರ್ಖಾನೇಲಿ ಎಡಗೈ ಯಾರದು?”

“ನಂದೇ ಸಾರ್. ಆದ್ರೆ ಇದು ಅಂಗಡೀಲಿ ಕೊಂಡಿದ್ದು.”

“ಈ ಮಾಲು ಈ ದೇಶದಲ್ಲಿ ಮಾರೋದೇ ಇಲ್ಲ. ನಿನ್ನ ಮೇಜಿಂದ ನಿನ್ನ ಡಬ್ಬಿಗೆ ಹೋಗಿದೆ, ನಿನ್ನ ಕೈಯೇ ಸಾಕ್ಷಿ ಹೇಳ್ತಿದೆ. ನಾಳೆ ಸಂಜೆ ಗೇಟಲ್ಲಿ ಎಲ್ಲರ ಮುಂದೆ ಮೂಗಮ್ಮ ಹೇಳ್ತಾಳೆ. ಎಲ್ಲರಿಗೂ ಬುದ್ಧಿ ಬರ್ಲಿ. ಆಮೇಲೆ ನಿನ್ನ ಲೆಕ್ಕ ಮುಗೀತು.”

ಕೆಲಸ ಒಂದೇ ಹೋಗುವುದಾಗಿದ್ದರೆ ಇನ್ನೊಂದು ಹುಡುಕಬಹುದಿತ್ತು. ಆದರೆ ಕಳ್ಳಿ ಎನ್ನಿಸಿಕೊಂಡವಳನ್ನು ಆ ರಸ್ತೆಯ ಯಾವ ಕಾರ್ಖಾನೆಯೂ ಒಳಗೆ ಬಿಡುವುದಿಲ್ಲ. ಮ್ಯಾನೇಜರುಗಳಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ದಾಟಿಸುವುದೇನು ಕಷ್ಟದ ಕೆಲಸ. ಮನೆಯಲ್ಲಿ ಅತ್ತೆ ಮರಗಟ್ಟಿದ ಬೆರಳುಗಳಿಂದ ಹಣೆ ಹಣೆ ಚಚ್ಚಿಕೊಂಡರು. “ಸುಮ್ನೆ ನಾನೇ ತಿಂದು ಸಾಯಬಾರ್ದಿತ್ತಾ.”

ಬೆಳಿಗ್ಗೆ ಎಡಚಿಯನ್ನು ಕರೆದುಕೊಂಡು ಪರದೇಶಿ ಅಂಗಡಿಗೆ ಓಡಿದೆ. ಮುದುಕ ಕೇಳಿಸಿಕೊಂಡು, ಬೆಟ್ಟ ಹಸುವಿನ ಡಬ್ಬಿಯನ್ನು ಕಂಕುಳಲ್ಲಿ ಇಟ್ಟು, ಬಾಗಿಲಿಗೆ ಬೀಗ ಹಾಕಿದ. “ಇದನ್ನ ನನಗೆ ತಂದುಕೊಟ್ಟ ಹುಡುಗರು ಈಗ ಯಾವ ಸಮುದ್ರದಲ್ಲಿದ್ದಾರೋ. ರಸೀದಿ ಗಿಸೀದಿ ಇಲ್ಲಮ್ಮ. ಮಾರಿದ್ದು ನಾನು ಅಂತ ಹೇಳ್ತೀನಿ. ಮುದುಕನ ಮಾತು ಎಷ್ಟು ತೂಗುತ್ತೋ ಅಷ್ಟು.”

ಏನೂ ತೂಗಲಿಲ್ಲ. ಮುದುಕನನ್ನು ಗೇಟಿನೊಳಗೇ ಬಿಡಲಿಲ್ಲ. ನಾನೊಬ್ಬಳೇ ಡಬ್ಬಿ ಹಿಡಿದು ಆಫೀಸಿಗೆ ಹೋದೆ. ಮ್ಯಾನೇಜರು ಒಳಗಿನ ಚಾಕಲೇಟು ನೋಡಿ ನಕ್ಕರು. “ನಿನ್ನೆ ಒಂದು ಸಿಕ್ಕಿತ್ತು. ಇವತ್ತು ಡಬ್ಬಿ ತುಂಬ ನೀವೇ ತಂದು ಒಪ್ಪಿಸ್ತಿದ್ದೀರ. ಖಾಲಿ ಡಬ್ಬಿ ಯಾವ ಗುಜರಿಯಲ್ಲಾದ್ರೂ ಸಿಗುತ್ತೆ ಕಣಮ್ಮ.” ಎಡಗಿವಿಯ ಇನ್ನಷ್ಟು ಚಾಕಲೇಟು ಅದರಲ್ಲಿದ್ದದ್ದು ನಮ್ಮ ಸತ್ಯವನ್ನು ಇನ್ನಷ್ಟು ಸುಳ್ಳು ಮಾಡಿತು. ನಿಜ ಹೇಳುವುದಕ್ಕೂ ಒಂದು ಅಂತಸ್ತು ಬೇಕು, ನಮ್ಮ ಬಳಿ ಅದೊಂದು ಇರಲಿಲ್ಲ.

ಎಡಚಿ ಆ ದಿನವಿಡೀ ಗೇಟಿನೆದುರಿನ ಮೋರಿಯ ಕಟ್ಟೆಯ ಮೇಲೆ ಕೂತಿದ್ದಳು. ಮುದುಕ ಅಂಗಡಿಗೆ ಹೋಗದೆ ಅವಳ ಜೊತೆ ಕೂತ. ಕೋಟಿನ ಜೇಬಿನಿಂದ ಉಪ್ಪು ಹಾಕಿದ ಬಾದಾಮಿಯೋ ಒಣಗಿಸಿದ ಹಣ್ಣೋ ಏನಾದರೊಂದು ತೆಗೆದು ಕೊಡುತ್ತಿದ್ದನಂತೆ. ಅವಳು ಬೇಡ ಎನ್ನುತ್ತಿದ್ದಳಂತೆ. ಮತ್ತೆ ಸ್ವಲ್ಪ ಹೊತ್ತಿಗೆ ತಿನ್ನುತ್ತಿದ್ದಳಂತೆ.

ಊಟದ ಹೊತ್ತಿಗೆ ನಾನು ಮೂಗಮ್ಮನ ಗೂಡಿಗೆ ಹೋದೆ. ಗೇಟಿನ ಪಕ್ಕ ಒಂದು ಸ್ಟೂಲು ಹಿಡಿಯುವಷ್ಟು ಜಾಗ. ಅವಳು ಸಪ್ಪೆ ಗಂಜಿ ಕುಡಿಯುತ್ತಿದ್ದಳು.

“ನಾನೇನು ಸುಳ್ಳು ಹೇಳಿಲ್ಲ,” ಎಂದಳು, ನಾನು ಬಾಯಿ ಬಿಡುವ ಮೊದಲೇ. “ವಾಸನೆ ಇತ್ತು. ಇತ್ತು ಅಂದೆ.”

“ಇತ್ತು. ನಿನ್ ಮೂಗಿನ ಮೇಲೆ ನನಗೇನೂ ತಕರಾರಿಲ್ಲ. ಒಂದೇ ಮಾತು ಕೇಳ್ತೀನಿ. ಕದ್ದಿದ್ದರ ವಾಸನೆ, ಕೊಂಡಿದ್ದರ ವಾಸನೆ ಬೇರೆ ಬೇರೆ ಇರುತ್ತಾ?”

ಅವಳು ಗಂಜಿ ಕಲಕಿದಳು. “ನನ್ನ ಕೇಳಿದ್ದು ವಾಸನೆ ಇದೆಯಾ ಅಂತ ಮಾತ್ರ. ಬೇರೇದು ಯಾರೂ ಕೇಳಲ್ಲ.” ಮತ್ತೆ ತಾನಾಗಿಯೇ ಹೇಳಿದಳು: “ನನಗೂ ಹೊಟ್ಟೆ ಉರಿಯುತ್ತೆ ಕಣಮ್ಮ. ಮೂಗು ಕೆಡುತ್ತೆ ಅಂತ ಬೆಳಿಗ್ಗೆಯಿಂದ ಸಂಜೆವರೆಗೆ ಒಗ್ಗರಣೆ ಹಾಕಿದ್ದು ತಿನ್ನಲ್ಲ, ಟೀ ಕುಡಿಯಲ್ಲ. ನೆಗಡಿ ಬಂದ್ರೆ ಸಂಬಳ ಇಲ್ಲ. ಮೊಮ್ಮಗು ‘ಅಜ್ಜಿ ಮುತ್ತು’ ಅಂತ ಬಂದ್ರೆ, ಅದರ ಬಾಯೀನೂ ಮೂಸಿಬಿಡ್ತೀನಿ. ನಿಮ್ಮೆಲ್ಲರ ಬಾಯಿ ಕಂಡಿದ್ದೀನಿ. ಯಾರಿಗೆ ಹಲ್ಲು ಹುಳುಕು, ಯಾರು ಉಪವಾಸ ಬಂದಿದ್ದಾರೆ, ಎಲ್ಲ ಗೊತ್ತು. ಉಪವಾಸದ ಬಾಯಿಗೂ ಒಂದು ವಾಸನೆ ಇದೆ. ಅದನ್ನೂ ಯಾರೂ ಕೇಳಲ್ಲ.”

ಇಷ್ಟು ವರ್ಷ ನಾನು ಆ ಹೆಂಗಸಿನ ಮುಂದೆ ಬಾಯಿ ತೆರೆದಿದ್ದೆ. ಅವಳು ಬಾಯಿ ತೆರೆದದ್ದು ಅವತ್ತೇ. ಬೈಯಲೆಂದು ಮನಸ್ಸಿನಲ್ಲಿ ಕೂಡಿಟ್ಟುಕೊಂಡು ಹೋಗಿದ್ದ ಮಾತುಗಳೆಲ್ಲ ಎಲ್ಲೋ ಜಾರಿಹೋದವು. ಆಫೀಸಿಗೆ ಹೋಗುವ ಮೊದಲೇ ಸೆರಗಿಗೆ ಕಟ್ಟಿಕೊಂಡಿದ್ದ ಒಂದು ಚಾಕಲೇಟು ತೆಗೆದು ಸ್ಟೂಲಿನ ತುದಿಗೆ ಇಟ್ಟೆ.

“ಇದು ತಾತನ ಡಬ್ಬಿದು. ತಿನ್ನು.”

“ತಿಂದ್ರೆ ಸಂಜೆ ನನಗೆ ಏನೂ ಗೊತ್ತಾಗಲ್ಲ.”

“ಗೊತ್ತಾಗದೇ ಇರ್ಲಿ ಅಂತ ನಾನು ಹೇಳ್ತಿಲ್ಲ. ಅದರ ರುಚಿ ನೀನೂ ನೋಡಿಲ್ಲ ಅಲ್ವಾ, ಅದಕ್ಕೆ.”

ಅದು ಪೂರ್ತಿ ನಿಜವಾಗಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು. “ಹೋಗಮ್ಮ, ಗಂಟೆ ಆಗುತ್ತೆ,” ಎಂದಳು. ಚಾಕಲೇಟನ್ನು ಮುಟ್ಟಲಿಲ್ಲ, ವಾಪಸ್ಸೂ ಕೊಡಲಿಲ್ಲ.

ಸಂಜೆ ಸಾಲು ನಿಂತಿತು. ಎಡಚಿಯನ್ನು ಒಳಗೆ ಕರೆಸಿ ಎಲ್ಲರಿಗೂ ಕಾಣುವಂತೆ ಮುಂದೆ ನಿಲ್ಲಿಸಿದ್ದರು. ಗೇಟಿನ ಸರಳುಗಳಾಚೆ ಮುದುಕ ನಿಂತಿದ್ದ. ಮ್ಯಾನೇಜರು ಮೆಟ್ಟಿಲ ಮೇಲಿನಿಂದಲೇ, “ಮೂಗಮ್ಮ, ನಿನ್ನೆ ಇವಳ ಬಾಯಲ್ಲಿ ಏನು ವಾಸನೆ ಇತ್ತು, ಎಲ್ಲರಿಗೂ ಕೇಳೋ ಹಾಗೆ ಹೇಳು,” ಎಂದರು.

ಮೂಗಮ್ಮ ಗೂಡಿನಿಂದ ಹೊರಗೆ ಬಂದಳು. ತುಟಿಯ ಕೊನೆಯಲ್ಲಿ ಕಂದು ಬಣ್ಣ ಮೆತ್ತಿಕೊಂಡಿತ್ತು. ಒರೆಸಿಕೊಂಡಿರಲಿಲ್ಲ.

“ನಿನ್ನೆದು ನನಗೆ ಹೇಳೋಕಾಗಲ್ಲ ಸಾರ್. ಇವತ್ತು ನನ್ನ ಬಾಯಲ್ಲೂ ಅದೇ ವಾಸನೆ ಇದೆ. ನಾನೂ ಕದ್ದಿಲ್ಲ. ಕೊಂಡಿದ್ದು ಒಬ್ಬರು ಕೊಟ್ರು, ತಿಂದೆ. ಹಂಗಾದ್ರೆ ವಾಸನೆ ಇದ್ದೋರೆಲ್ಲ ಕಳ್ಳರು ಅಂತ ನಾನು ಹೆಂಗೆ ಹೇಳ್ಲಿ?”

ಸಾಲಿನಲ್ಲಿ ಯಾರೋ ಕೆಮ್ಮಿದರು. ಮ್ಯಾನೇಜರ ಕಿವಿ ಕೆಂಪಾಯಿತು. “ನಿನ್ನ ಕೆಲಸ ಏನು ಅಂತ ಗೊತ್ತಿದೆಯಾ?”

“ಮೂಸೋದು. ಇವತ್ತು ನನ್ನ ಮೂಗಿಗೆ ಎಲ್ಲರ ಬಾಯೀನೂ ಕಿತ್ತಳೆನೇ. ನೀವು ನಂಬಲ್ಲ ಅಂದ್ರೆ ನೀವೇ ಇಳಿದು ಬಂದು ಮೂಸಿ ನೋಡಿ ಸಾರ್.”

ಮೊದಲು ಬಾಯಿ ತೆರೆದವಳು ಎಡಚಿ. ತಲೆ ಹಿಂದಕ್ಕೆ ಹಾಕಿ, ಮೂಗಮ್ಮನ ಮುಂದೆ ತೆರೆಯುವಂತೆಯೇ ತೆರೆದಳು. ಅವಳ ಹಿಂದೆ ನಾನು. ನನ್ನ ಹಿಂದೆ ಇಡೀ ಸಾಲು. ಯಾರೂ ಕೂಗಲಿಲ್ಲ, ಕೂಗಲು ಬಾಯಿ ಖಾಲಿಯಿರಲಿಲ್ಲ. ಅಷ್ಟು ಬಾಯಿಗಳು ಒಟ್ಟಿಗೆ ತೆರೆದು ನಿಂತಾಗ ಅಂಗಳದಲ್ಲಿ ಉಸಿರಿನ ಸದ್ದು ಕೇಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮ್ಯಾನೇಜರು ಎರಡು ಮೆಟ್ಟಿಲು ಇಳಿದರು. ಕರವಸ್ತ್ರ ತೆಗೆದರು. ಅಲ್ಲಿಗೇ ನಿಂತರು. ಇನ್ನೊಬ್ಬಳ ಬಾಯಿಯ ಹತ್ತಿರ ಮುಖ ಒಯ್ಯುವ ಕೆಲಸವನ್ನು ಆ ಮನುಷ್ಯ ಸಂಬಳ ಕೊಟ್ಟು ಮಾಡಿಸಿದ್ದರೇ ಹೊರತು ಅದು ಎಂಥ ಕೆಲಸ ಎಂದು ಯೋಚಿಸಿರಲಿಲ್ಲ. ಅವರ ಮುಖದಲ್ಲಿ ಸಿಟ್ಟಿಗಿಂತ ಅಸಹ್ಯ ಹೆಚ್ಚಿತ್ತು. ಆ ಅಸಹ್ಯ ನಮಗೆಲ್ಲ ಚೆನ್ನಾಗಿ ಕಾಣಿಸಿತು.

“ಸಾಕು, ಬಾಯಿ ಮುಚ್ಚಿ ಹೋಗ್ರಿ,” ಎಂದರು.

ಯಾರೂ ಅಲ್ಲಾಡಲಿಲ್ಲ. ಎಡಚಿ ಮಾತ್ರ ಮಾತಾಡಲಿಕ್ಕಾಗಿ ಒಮ್ಮೆ ಬಾಯಿ ಮುಚ್ಚಿ ತೆರೆದಳು. “ನಾನು ಕಳ್ಳಿ ಹೌದೋ ಅಲ್ವೋ ಸಾರ್?”

“ನಾಳೆ ಕೆಲಸಕ್ಕೆ ಬಾ.”

“ಅದನ್ನ ಕೇಳ್ಲಿಲ್ಲ ನಾನು.”

ಗೇಟಿನಾಚೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಮ್ಯಾನೇಜರು ಕರವಸ್ತ್ರ ಮಡಚಿದರು, ಮತ್ತೆ ಮಡಚಿದರು.

“ಅಲ್ಲ,” ಎಂದರು.

“ಹಿಂದೆ ಇರೋರಿಗೆ ಕೇಳಿಸ್ಲಿಲ್ಲ.”

“ಕಳ್ಳಿ ಅಲ್ಲ ಅಂದೆನಲ್ಲ.” ಈ ಸಲ ಗೇಟಿನಾಚೆಯ ಮುದುಕನಿಗೂ ಕೇಳಿಸಿತು. ಅವರು ತಿರುಗಿ ಮೆಟ್ಟಿಲು ಹತ್ತಿದರು. ಗೇಟಿನವನು ಯಾರ ಅಪ್ಪಣೆಗೂ ಕಾಯದೆ ಅಗುಳಿ ಎಳೆದ.

ಮೂಗಮ್ಮನನ್ನು ಮರುದಿನವೇ ಗೂಡಿನಿಂದ ಎಬ್ಬಿಸಿ ತಟ್ಟೆ ತೊಳೆಯುವ ಕಡೆಗೆ ಹಾಕಿದರು, ಸಂಬಳವನ್ನೂ ಇಳಿಸಿದರು. ಹೀಗಾಗುತ್ತದೆಂದು ಚಾಕಲೇಟು ಬಿಚ್ಚುವಾಗಲೇ ಅವಳಿಗೆ ಗೊತ್ತಿತ್ತು. ನಮ್ಮ ಸಾಲಿನ ಮುಂದೆ ಯಾರನ್ನೂ ಕೂರಿಸಲಿಲ್ಲ. ಇನ್ನೂ ಹುಡುಕುತ್ತಿದ್ದಾರೆ ಎಂದು ಸುದ್ದಿ. ಹುಡುಕಲಿ. ಕೂರಿಸಿದ ದಿನ ನೋಡಿಕೊಳ್ಳೋಣ ಎಂದು ನಮ್ಮಲ್ಲೂ ಮಾತಾಗಿದೆ.

ಆ ಸಂಜೆಯಂತೂ ಬಸ್ಸು ತಪ್ಪಿ ನಾಲ್ವರೂ ನಡೆದೇ ಹೊರಟೆವು. ಮುದುಕ ಖಾಲಿಯಾಗಿದ್ದ ಜೇಬುಗಳಲ್ಲಿ ಕೈಯಿಟ್ಟು ಮುಂದೆ ಹೋಗುತ್ತಿದ್ದ. ಎಡಚಿ ಮೂಗಮ್ಮನ ಪಕ್ಕದಲ್ಲಿ ನಡೆಯುತ್ತಿದ್ದರೂ ಅವಳ ಕಡೆ ನೋಡುತ್ತಿರಲಿಲ್ಲ. ಹಿಂದಿನ ಸಂಜೆ ಎತ್ತಿದ ಆ ಕೈ ಅಷ್ಟು ಬೇಗ ಮರೆಯುವಂಥದ್ದಲ್ಲ. ಮೂಗಮ್ಮ ನಾಲಿಗೆಯಿಂದ ಹಲ್ಲಿನ ಸಂದಿಯನ್ನು ಹುಡುಕುತ್ತ ಬಹಳ ದೂರ ನಡೆದಳು.

“ಆ ಅಂಗಡೀಲಿ ಬೇರೆ ಏನೇನು ಸಿಗುತ್ತೆ?” ಎಂದು ಕೊನೆಗೆ ಕೇಳಿದಳು.

ನಾನು ಎಡಚಿಯ ಕಡೆ ನೋಡಿದೆ. ಉತ್ತರ ಯಾರಿಂದ ಬರಬೇಕೋ ಅವರಿಂದ ಬರಲಿ ಎಂದು.

“ಎಲ್ಲಾ ಸಿಗುತ್ತೆ,” ಎಂದಳು ಎಡಚಿ, ಇನ್ನೂ ರಸ್ತೆಯನ್ನೇ ನೋಡುತ್ತ. “ಭಾನುವಾರ ಬಾ, ತೋರಿಸ್ತೀನಿ. ಅಲ್ಲಿ ಹೋಗಿ ಏನನ್ನೂ ಮೂಸ್ತಾ ನಿಂತ್ಕೋಬೇಡ ಮತ್ತೆ. ಸೀದಾ ಬಾಯಿಗೆ ಹಾಕ್ಕೋ.”